ಸಾಯುತ್ತಿರುವ ಬ್ರಾಮ್ಲಿ ಮರದಿಂದ ಹೊಸ ಗಿಡಗಳು: ಒಂದು ಕಸಿ ಕೆಲಸದ ದಾಖಲೆ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಷೈರಿನಲ್ಲಿ ನಾವು ತರಕಾರಿ ಬೆಳೆಯುವ ಅಲಾಟ್‌ಮೆಂಟಿನ (ತುಂಡು ತುಂಡಾಗಿ ಜನರಿಗೆ ಬಾಡಿಗೆ ಕೊಡುವ ಜಮೀನು) ಬೇಲಿ ಪಕ್ಕ ಒಂದು ಹಳೇ ಬ್ರಾಮ್ಲಿ ಸೇಬಿನ ಮರ ಇದೆ. ಅದಕ್ಕೆ ಹನಿ ಫಂಗಸ್ (honey fungus, ಬೇರು ಕೊಳೆಸುವ ಅಣಬೆ ರೋಗ) ಹಿಡಿದಿದೆ, ಮದ್ದಿಲ್ಲ. ಮರ ಉಳಿಯೋದಿಲ್ಲ ಅಂತ ಗೊತ್ತಾದ ಮೇಲೆ ಅದರ ಕಡ್ಡಿಗಳಿಂದ ಹೊಸ ಗಿಡ ಮಾಡಿಕೊಳ್ಳುವ ಕೆಲಸ ಶುರುವಾಯಿತು. ಒಂದೂವರೆ ವರ್ಷದಲ್ಲಿ ಏನೇನು ಮಾಡಿದೆ, ಏನು ಹಿಡಿಯಿತು, ಏನು ಒಣಗಿತು ಅನ್ನೋದನ್ನ ಕ್ರಮವಾಗಿ ಬರೆದಿದ್ದೇನೆ. ಬೇರೆ ಸೇಬಿಗೂ ಇದೇ ವಿಧಾನ ನಡೆಯುತ್ತದೆ. ಆದರೆ ಬ್ರಾಮ್ಲಿಗೆ ಅದರದ್ದೇ ಆದ ಕೆಲವು ಹಟಗಳಿವೆ. ಕಡ್ಡಿ ಆರಿಸುವುದರಿಂದ ಹಿಡಿದು ಗಿಡ ಸವರುವವರೆಗೆ ಪ್ರತಿ ಹಂತದಲ್ಲೂ ಅವನ್ನು ನೋಡಿಕೊಂಡೇ ಕೆಲಸ ಮಾಡಬೇಕು.

1. ಅಕ್ಟೋಬರ್: ರೋಗ ಹೌದೋ ಅಲ್ಲವೋ

ಬೇಸಿಗೆಯಲ್ಲೇ ಎಲೆ ಸಣ್ಣದಾಗಿ, ತಿಳಿ ಹಳದಿಯಾಗಿ ಬಂದಿತ್ತು. ಒಂದು ಕಡೆಯ ಕೊಂಬೆಗಳು ಪೂರ್ತಿ ಒಣಗಿದ್ದವು. ಕಾಯಿ ಮಾತ್ರ ವಿಪರೀತ. ಸಾಯುವ ಮರ ಒಮ್ಮೊಮ್ಮೆ ಹೀಗೆ ಮೈತುಂಬ ಬಿಡುತ್ತದೆ. ಅಕ್ಟೋಬರಿನಲ್ಲಿ ಬುಡದ ಸುತ್ತ ಜೇನು ಬಣ್ಣದ ಅಣಬೆ ಗುಂಪಾಗಿ ಎದ್ದಾಗ ಅನುಮಾನ ಜಾಸ್ತಿಯಾಯಿತು.

ಖಚಿತ ಮಾಡಿಕೊಳ್ಳಲು ಬೇಕಾದದ್ದು ಒಂದು ಹಳೇ ಸ್ಕ್ರೂಡ್ರೈವರ್ ಅಷ್ಟೇ. ನೆಲಮಟ್ಟದಲ್ಲಿ ತೊಗಟೆಯನ್ನು ಮೀಟಿ ಎಬ್ಬಿಸಿದೆ. ಗಟ್ಟಿಯಾಗಿ ಅಂಟಿಕೊಂಡಿರಬೇಕಾದ ತೊಗಟೆ ಸಲೀಸಾಗಿ ಬಂತು. ಒಳಗೆ ಮರಕ್ಕೂ ತೊಗಟೆಗೂ ನಡುವೆ ನೀರುದೋಸೆಯ ಹಾಗೆ ತೆಳ್ಳಗಿನ ಬಿಳಿ ಹಾಳೆ. ಉಗುರಿನಲ್ಲಿ ಕೆರೆದರೆ ತುಂಡು ತುಂಡಾಗಿ ಏಳುತ್ತದೆ. ಮೂಗಿನ ಹತ್ತಿರ ಹಿಡಿದರೆ ಹಸಿ ಅಣಬೆಯ ಘಾಟು. ಇನ್ನು ಯಾವ ಪರೀಕ್ಷೆಯೂ ಬೇಡ. ಮಣ್ಣು ಸ್ವಲ್ಪ ಬಗೆದರೆ ಕಪ್ಪು ಶೂ ಲೇಸಿನಂಥ ಎಳೆಗಳೂ ಸಿಕ್ಕವು. ರೋಗ ಒಂದು ಬೇರಿನಿಂದ ಇನ್ನೊಂದು ಗಿಡದ ಬೇರಿಗೆ ಹೋಗುವುದು ಹೆಚ್ಚಾಗಿ ಇವುಗಳ ಮೂಲಕ.

ಒಂದು ಸಮಾಧಾನ: ಹನಿ ಫಂಗಸ್ ಇರೋದು ಬೇರು ಮತ್ತು ಬುಡದಲ್ಲಿ. ಮೇಲಿನ ಎಳೆ ಕಡ್ಡಿಗಳಿಂದ ಕಸಿ ಮಾಡಿದರೆ ಹೊಸ ಗಿಡಕ್ಕೆ ಅದು ಬರುವುದಿಲ್ಲ. ವೈರಸ್ ಆಗಿದ್ದರೆ ಕಡ್ಡಿಯ ಜೊತೆಗೇ ಬಂದುಬಿಡುತ್ತಿತ್ತು.

ನರ್ಸರಿಯಲ್ಲಿ ಬ್ರಾಮ್ಲಿ ಗಿಡ ಸಿಗುತ್ತದಲ್ಲ, ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಸಿಗುತ್ತದೆ, 25 ಪೌಂಡಿನ ಆಸುಪಾಸು. ಆದರೆ ಅಲಾಟ್‌ಮೆಂಟಿನ ಸುಮಾರು ಜನರಿಗೆ ಇದೇ ಮರದ ಗಿಡ ಬೇಕಿತ್ತು. ಎಷ್ಟೋ ವರ್ಷದಿಂದ ಎಲ್ಲರೂ ಇದರ ಕಾಯಿ ಹಂಚಿಕೊಂಡು ತಿಂದಿದ್ದಾರೆ. ಇನ್ನೂ ಒಂದು ಕಾರಣ ಇದೆ. ಬ್ರಾಮ್ಲಿಯ ಮೂಲ ಮರ ಬೆಳೆದದ್ದು ಇದೇ ಜಿಲ್ಲೆಯ ಸೌತ್‌ವೆಲ್ ಊರಿನಲ್ಲಿ. 1809ರಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಎಂಬ ಹುಡುಗಿ ಹಾಕಿದ ಬೀಜದಿಂದ ಎದ್ದ ಮರ ಅದು. 1846ರಲ್ಲಿ ಆ ಮನೆ ಕೊಂಡವನು ಮ್ಯಾಥ್ಯೂ ಬ್ರಾಮ್ಲಿ, ಕಸಾಯಿ ಅಂಗಡಿಯವನು. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ಹದಿನೇಳರ ಹುಡುಗ ಆ ಮರದ ಕಡ್ಡಿ ಕೇಳಿದ. ತನ್ನ ಹೆಸರಿಡಬೇಕು ಅನ್ನುವ ಷರತ್ತು ಹಾಕಿ ಬ್ರಾಮ್ಲಿ ಕೊಟ್ಟ. ಬೀಜ ಹಾಕಿದವಳ ಹೆಸರು ಹಣ್ಣಿಗೆ ಬರಲೇ ಇಲ್ಲ ಅನ್ನೋದು ನನಗೆ ಈಗಲೂ ಬೇಜಾರಿನ ವಿಷಯ. 1900ರ ಸುಮಾರಿಗೆ ಬಿರುಗಾಳಿಗೆ ಮರ ಮಲಗಿತು, ಆದರೂ ಬಿದ್ದಲ್ಲಿಂದಲೇ ಚಿಗುರಿ ಬೆಳೆಯಿತು. ಅದಕ್ಕೂ ಕೊನೆಗೆ ಹಿಡಿದದ್ದು ಇದೇ ಹನಿ ಫಂಗಸ್. ಸೇಬಿನ ಬೀಜ ಹಾಕಿದರೆ ತಾಯಿಯಂಥದ್ದೇ ಹುಟ್ಟುವುದಿಲ್ಲ. ಹಾಗಾಗಿ ಇವತ್ತು ಎಲ್ಲೇ ಬ್ರಾಮ್ಲಿ ಮರ ಇದ್ದರೂ ಅದು ಆ ಒಂದು ಮರದಿಂದ ಕೈಯಿಂದ ಕೈಗೆ ಬಂದ ಕಸಿ. ಇನ್ನೊಂದು ಸುತ್ತು ನಾವೂ ಮಾಡೋಣ ಅನ್ನಿಸಿತು.

2. ಡಿಸೆಂಬರ್: ರೂಟ್‌ಸ್ಟಾಕ್ ಯಾವುದು

ಕಸಿಯಲ್ಲಿ ಬೇರು ಕೊಡುವ ಕೆಳಗಿನ ಗಿಡವೇ ರೂಟ್‌ಸ್ಟಾಕ್, ಮರದ ಎತ್ತರ ಹತೋಟಿಯಲ್ಲಿ ಇಡುವುದು ಅದು. ಬ್ರಾಮ್ಲಿ ಭಾರೀ ಬೆಳೆಯುವ ಜಾತಿ. ಹತೋಟಿ ಇಲ್ಲದಿದ್ದರೆ ಎರಡು ಅಂತಸ್ತಿನ ಮನೆ ಎತ್ತರ ಹೋಗುತ್ತದೆ, ಅಷ್ಟೇ ಅಗಲ ಹರಡುತ್ತದೆ. ಬೇರೆ ಸೇಬಿಗೆ ಹೇಳುವ ರೂಟ್‌ಸ್ಟಾಕ್ ಅಳತೆಗಳನ್ನು ಇದಕ್ಕೆ ಹಾಗೇ ನಂಬಬಾರದು. ಒಂದು ಮೆಟ್ಟಿಲು ಹೆಚ್ಚು ಗಿಡ್ಡ ಮಾಡುವ ರೂಟ್‌ಸ್ಟಾಕ್ ಆರಿಸಬೇಕು.

ನೋಡಿದ್ದು ಎರಡು. ಎಂಎಂ106 ಎಲ್ಲ ಕಡೆ ಸಿಗುತ್ತದೆ, ಉಣ್ಣೆಯಂತೆ ಬೆಳ್ಳಗೆ ಅಂಟುವ ಹೇನಿಗೆ ನಿರೋಧ ಇದೆ. ಆದರೆ ಅದರ ಮೇಲೆ ಬ್ರಾಮ್ಲಿ ಸಲೀಸಾಗಿ ನಾಲ್ಕೈದು ಮೀಟರ್ ಹೋಗುತ್ತದೆ. ನಮ್ಮದು ಕೆಂಪು ಜೇಡಿ ಮಣ್ಣು, ಚಳಿಗಾಲದಲ್ಲಿ ನೀರು ನಿಲ್ಲುತ್ತದೆ. ಅಂಥ ಕಡೆ ಎಂಎಂ106ರ ಬುಡ ಕೊಳೆಯುವ ಅಪಾಯವೂ ಇದೆ. ಎಂ26 ಮೇಲೆ ಸುಮಾರು ಮೂರು ಮೀಟರಿಗೆ ನಿಲ್ಲುತ್ತದೆ, ಬೇಗ ಕಾಯಿ ಹಿಡಿಯುತ್ತದೆ. ಆದರೆ ಬೇರಿನ ಹಿಡಿತ ಕಮ್ಮಿ, ಗೂಟ ಬೇಕೇ ಬೇಕು.

ನನ್ನ ತುಂಡಿಗೆ ಎಂ26, ಮನೆ ಹಿತ್ತಲಲ್ಲಿ ಜಾಗ ಇರುವವರಿಗೆ ಎಂಎಂ106 ಅಂತ ಎರಡೂ ತರಿಸಿದೆ. ಒಂದಕ್ಕೆ ಸುಮಾರು 5 ಪೌಂಡ್. ಪೆನ್ಸಿಲ್‌ಗಿಂತ ಸ್ವಲ್ಪ ದಪ್ಪ ಇರುವಂಥದ್ದನ್ನೇ ಕೇಳಬೇಕು. ಬಂದದ್ದರಲ್ಲಿ ಕೆಲವು ಹೆಬ್ಬೆರಳು ದಪ್ಪ ಇದ್ದವು. ಅವಕ್ಕೆ ಹೊಂದುವ ಕಡ್ಡಿ ಹುಡುಕುವುದು ಕಷ್ಟವಾಯಿತು.

3. ಜನವರಿ: ಕಡ್ಡಿ ಕೊಯ್ಲು

ಸಾಯುತ್ತಿರುವ ಮರದಲ್ಲಿ ಒಳ್ಳೇ ಕಸಿಕಡ್ಡಿ ಹುಡುಕುವುದೇ ಈ ಕೆಲಸದ ಕಷ್ಟದ ಭಾಗ. ಬೇಕಾದದ್ದು ಹಿಂದಿನ ಬೇಸಿಗೆಯಲ್ಲಿ ಬೆಳೆದ, ಪೆನ್ಸಿಲ್ ದಪ್ಪದ, ಒಂದು ಅಡಿಯಾದರೂ ಉದ್ದದ ಚಿಗುರು. ಸೊರಗಿದ ಮರದ ಅಂಚಿನಲ್ಲಿ ಅಂಥದ್ದು ಇರುವುದೇ ಇಲ್ಲ. ಇದ್ದದ್ದೆಲ್ಲ ಬೆರಳುದ್ದದ ಚಿಗುರು, ಅದರ ತುದಿಯಲ್ಲಿ ದಪ್ಪ ಮೊಗ್ಗು.

ಆ ಮೊಗ್ಗನ್ನು ಗಮನಿಸಿ. ಬ್ರಾಮ್ಲಿ ಅರ್ಧಂಬರ್ಧ ತುದಿಯಲ್ಲಿ ಕಾಯಿ ಬಿಡುವ ಜಾತಿ. ತುದಿಯ ಮೊಗ್ಗು ಗುಂಡಗೆ, ಬೂದು ಬಣ್ಣದ ನವಿರು ರೋಮದಿಂದ ಮುಚ್ಚಿಕೊಂಡಿದ್ದರೆ ಅದು ಹೂವಿನ ಮೊಗ್ಗು. ಚಪ್ಪಟೆಯಾಗಿ ಕಡ್ಡಿಗೆ ಅಂಟಿಕೊಂಡದ್ದು ಎಲೆಯ ಕಣ್ಣು. ಕಸಿಗೆ ಬೇಕಾದದ್ದು ಎಲೆಯ ಕಣ್ಣು.

ಕೊನೆಗೆ ಸಿಕ್ಕಿದ್ದು ಮರದ ನಡುವೆ. ಎರಡು ವರ್ಷದ ಹಿಂದೆ ಯಾರೋ ದಪ್ಪ ಕೊಂಬೆಯೊಂದನ್ನು ಕಡಿದಿದ್ದರು, ಅಲ್ಲಿಂದ ನೆಟ್ಟಗೆ ಎದ್ದ ಚಿಗುರುಗಳು. ಬೇರೆ ಹೊತ್ತಿನಲ್ಲಿ ಇವನ್ನು ಸವರಿ ಬಿಸಾಕುತ್ತೇವೆ. ಕಸಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಣ ದಿನ ನೋಡಿ ಕೊಯ್ದೆ. ತುದಿಯ ಸಣಕಲು ಭಾಗ ಬಿಟ್ಟೆ, ಬುಡದ ಕಣ್ಣಿಲ್ಲದ ಭಾಗ ಬಿಟ್ಟೆ, ನಡುವಿನದ್ದನ್ನು ಮಾತ್ರ ಇಟ್ಟುಕೊಂಡೆ. ಸಾಲದ್ದಕ್ಕೆ ಅಂಚಿನ ಕೆಲವು ಗಿಡ್ಡ ಕಡ್ಡಿಗಳನ್ನೂ ತುದಿಮೊಗ್ಗಿನ ಸಮೇತ ಕೊಯ್ದೆ.

ಇಡುವ ರೀತಿ: ಕಿಚನ್ ಟವೆಲ್ ಒದ್ದೆ ಮಾಡಿ, ಹಿಂಡಿ, ಕಡ್ಡಿಗೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ. ಅಲ್ಲಿ ಹಣ್ಣು ಇರಬಾರದು. ಹಣ್ಣಿನಿಂದ ಬರುವ ಗಾಳಿಗೆ ಕಣ್ಣು ಸಾಯುತ್ತವೆ. ಎರಡು ವಾರಕ್ಕೊಮ್ಮೆ ತೆಗೆದು ನೋಡಬೇಕು. ಒಂದು ಚೀಲದ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ, ಆ ಕಡ್ಡಿಗಳ ತೊಗಟೆ ಸುಕ್ಕುಗಟ್ಟಿತ್ತು. ಅವೂ ಕಸಿಗೆ ಹೋದವು. ಫಲಿತಾಂಶ ಮುಂದೆ ಇದೆ.

ಊರಿಗೆ ಫೋನ್ ಮಾಡಿದಾಗ ಅಮ್ಮ, "ಒಂದು ಕಡ್ಡಿ ಬರೋವಾಗ ತಗೊಂಡು ಬಾರೋ, ಇಲ್ಲಿ ಅಪ್ಪೆಮರದ ಪಕ್ಕ ನೆಡೋಣ" ಅಂದಳು. ನಮ್ಮದು ಮಲೆನಾಡಿನ ಸಾಗರದ ಕಡೆ, ಅಪ್ಪೆ ಅಂದರೆ ಅಲ್ಲಿನ ಹುಳಿ ಮಾವು. ಬ್ರಾಮ್ಲಿಗೆ ಚಳಿಗಾಲದಲ್ಲಿ ಸಾವಿರ ಗಂಟೆಯ ಲೆಕ್ಕದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಬೇಕು, ಅದಿಲ್ಲದೆ ಕಣ್ಣು ಸರಿಯಾಗಿ ಒಡೆಯುವುದಿಲ್ಲ. ಅನುಮತಿ ಇಲ್ಲದೆ ಗಿಡದ ಕಡ್ಡಿ ದೇಶದೊಳಗೆ ತರುವಂತೆಯೂ ಇಲ್ಲ. ಆಸೆ ಬಿಡಿಸಬೇಕಾಯಿತು.

4. ಮಾರ್ಚ್: ಕಸಿ

ಸಾಮಾನು: ಒಂದೇ ಕಡೆ ಮಸೆದ ಕಸಿ ಚಾಕು (ಸುಮಾರು 20 ಪೌಂಡ್), ಸಿಕೇಚರ್ (ಕೊಂಬೆ ಕತ್ತರಿಸುವ ಕತ್ತರಿ), 25 ಮಿ.ಮೀ ಅಗಲದ ಪಾಲಿಥೀನ್ ಕಸಿ ಟೇಪು (4 ಪೌಂಡ್), ಮೇಣ (6 ಪೌಂಡ್), ಚಾಕು ಒರೆಸಲು ಸ್ಪಿರಿಟ್, ಎಡಗೈ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಕೊನೆಯದನ್ನು ಮರೆಯಬೇಡಿ.

ಬೇರು ಬಿಚ್ಚಿ ಬಂದ ರೂಟ್‌ಸ್ಟಾಕನ್ನು ಮೊದಲು ಕುಂಡಕ್ಕೆ ಹಾಕಿ ಆಮೇಲೆ ಕಸಿ ಮಾಡಲು ಹೋದರೆ ಕೈ ಒತ್ತಿದಾಗೆಲ್ಲ ಗಿಡ ಅಲ್ಲಾಡುತ್ತದೆ. ಮೇಜಿನ ಮೇಲೆ ಕೈಯಲ್ಲಿ ಹಿಡಿದೇ ಕಸಿ ಕಟ್ಟಿ, ಆಮೇಲೆ ಕುಂಡಕ್ಕೆ ಹಾಕುವುದು ಸುಲಭ. ಅಲ್ಲಿಯವರೆಗೆ ಬೇರು ಒದ್ದೆ ಗೋಣಿಯಲ್ಲಿ ಇರಲಿ.

ಕ್ರಮ ಹೀಗಿತ್ತು. ಬೇರು ಶುರುವಾಗುವ ಜಾಗದಿಂದ ಸುಮಾರು 25 ಸೆ.ಮೀ ಮೇಲೆ ರೂಟ್‌ಸ್ಟಾಕನ್ನು ಕತ್ತರಿಸಿದೆ. ಅಲ್ಲಿ 3.5 ಸೆ.ಮೀ ಉದ್ದದ ಓರೆ ಕೊಯ್ತ. ಕಸಿಕಡ್ಡಿಯ ಬುಡಕ್ಕೂ ಅಷ್ಟೇ ಉದ್ದದ ಓರೆ ಕೊಯ್ತ. ಎರಡರಲ್ಲೂ ಕೊಯ್ತದ ತುದಿಯಿಂದ ಮೂರನೇ ಒಂದು ಭಾಗ ಕೆಳಗೆ ಸಣ್ಣ ಸೀಳು ಕೊಟ್ಟರೆ ಎರಡು ನಾಲಿಗೆ ಏಳುತ್ತವೆ. ಒಂದರೊಳಗೆ ಒಂದನ್ನು ಸಿಕ್ಕಿಸಿದರೆ ಕೈ ಬಿಟ್ಟರೂ ನಿಲ್ಲುತ್ತದೆ. ಕಡ್ಡಿಯಲ್ಲಿ ಮೂರು ನಾಲ್ಕು ಕಣ್ಣು ಉಳಿಸಿ, ಮೇಲೆ ಕತ್ತರಿಸಿ, ಆ ಗಾಯಕ್ಕೆ ಮೇಣ. ಸಂದಿನ ಮೇಲೆ ಟೇಪನ್ನು ಕೆಳಗಿನಿಂದ ಎಳೆದೆಳೆದು ಸುತ್ತಬೇಕು.

ಎಲ್ಲ ಇರುವುದು ಓರೆ ಕೊಯ್ತದಲ್ಲಿ. ಚಾಕು ಒಂದೇ ಎಳೆತಕ್ಕೆ ಹೋಗಬೇಕು. ಕೆತ್ತುತ್ತಾ ಹೋದರೆ ಮೇಲ್ಮೈ ಅಲೆಅಲೆ ಆಗುತ್ತದೆ, ನಡುವೆ ಗಾಳಿ ಉಳಿಯುತ್ತದೆ. ಎರಡು ಮುಖ ಸೇರಿಸಿ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬೆಳಕು ಇಣುಕಿದರೆ ಮತ್ತೆ ಕೊಯ್ಯುವುದು. ಇದನ್ನು ಕಲಿಯಲು ಬೇಲಿಯ ವಿಲ್ಲೋ ಕಡ್ಡಿಗಳ ಮೇಲೆ ಒಂದು ಸಂಜೆ ಪೂರ್ತಿ ಅಭ್ಯಾಸ ಮಾಡಿದ್ದೆ. ಅದು ಬಹಳ ಉಪಯೋಗಕ್ಕೆ ಬಂತು.

ದಪ್ಪ ರೂಟ್‌ಸ್ಟಾಕಿಗೆ ಸಣ್ಣ ಕಡ್ಡಿ ಬಂದರೆ ನಡುವೆ ಕೂರಿಸಬಾರದು. ತೊಗಟೆಯ ಕೆಳಗೆ ತೆಳ್ಳಗೆ ಹಸಿರು ಪದರ ಕಾಣುತ್ತದಲ್ಲ, ಬೆಸೆಯುವುದು ಅದೇ. ಒಂದು ಬದಿಯಲ್ಲಾದರೂ ಆ ಎರಡು ಪದರ ಒಂದಕ್ಕೊಂದು ತಾಕಬೇಕು. ಇನ್ನೊಂದು ಬದಿ ಖಾಲಿ ಉಳಿದರೂ ಪರವಾಗಿಲ್ಲ.

ಕಟ್ಟಿದವನ್ನು 10 ಲೀಟರ್ ಕುಂಡಗಳಲ್ಲಿ ಹಾಕಿ, ಶೆಡ್ಡಿನ ಗೋಡೆ ಪಕ್ಕ ಗಾಳಿ ಬೀಸದ ಕಡೆ ಇಟ್ಟೆ.

5. ಏಪ್ರಿಲ್‌ನಿಂದ ಜೂನ್: ಯಾವುದು ಹಿಡಿಯಿತು

ಏಪ್ರಿಲ್ ಕೊನೆಗೆ ಹೆಚ್ಚುಕಮ್ಮಿ ಎಲ್ಲ ಕಡ್ಡಿಗಳಲ್ಲೂ ಹಸಿರು ಕಂಡಿತು. ಇದನ್ನು ನಂಬಬಾರದು. ಕಡ್ಡಿ ತನ್ನೊಳಗಿನ ಸಾರದಲ್ಲೇ ಎರಡು ಎಲೆ ಬಿಡಬಲ್ಲದು. ನಿಜ ಗೊತ್ತಾಗುವುದು ಮೇ ತಿಂಗಳ ಮೊದಲ ಬಿಸಿಲಿಗೆ. ಬೆಸೆದ ಕಸಿ ಮುಂದಕ್ಕೆ ಓಡುತ್ತದೆ. ಬೆಸೆಯದೇ ಇದ್ದದ್ದು ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನಕ್ಕೆ ಜೋತು ಬೀಳುತ್ತದೆ.

ಮುಕ್ಕಾಲು ಪಾಲು ಹಿಡಿದವು. ಹೋದವುಗಳ ಟೇಪು ಬಿಚ್ಚಿ ಒಂದೊಂದನ್ನೂ ನೋಡಿದೆ.

ಸುಕ್ಕುಗಟ್ಟಿದ್ದ ಕಡ್ಡಿಗಳಲ್ಲಿ ಒಂದೂ ಉಳಿಯಲಿಲ್ಲ. ಸಂದಿನಲ್ಲಿ ಗಾಯ ಮಾಯುವ ಬಿಳಿ ಗಂಟು ಹುಟ್ಟೇ ಇರಲಿಲ್ಲ. ಹೆಬ್ಬೆರಳು ದಪ್ಪದ ರೂಟ್‌ಸ್ಟಾಕುಗಳಲ್ಲಿ ಅರ್ಧ ಹೋದವು. ಅವುಗಳಲ್ಲಿ ಕಡ್ಡಿ ಟೇಪು ಸುತ್ತುವಾಗ ಕೂದಲೆಳೆಯಷ್ಟು ಸರಿದಿತ್ತು, ಹಸಿರು ಪದರ ತಪ್ಪಿತ್ತು. ದಪ್ಪ ಬುಡಕ್ಕೆ ಟೇಪು ಸುತ್ತುವ ಮೊದಲು ನಾಲಿಗೆಯ ಜಾಗದಲ್ಲಿ ಒಂದು ಸುತ್ತು ರಬ್ಬರ್ ಬ್ಯಾಂಡ್ ಹಾಕಿಕೊಂಡರೆ ಸರಿಯುವುದಿಲ್ಲ.

ತುದಿಮೊಗ್ಗು ಇದ್ದ ಗಿಡ್ಡ ಕಡ್ಡಿಗಳ ಕತೆ ಬೇರೆ. ಅವು ಹೂ ಬಿಟ್ಟವು! ಗೇಣುದ್ದದ ಗಿಡದಲ್ಲಿ ಬ್ರಾಮ್ಲಿಯ ದೊಡ್ಡ ಗುಲಾಬಿ ಹೂ. ನೋಡಲು ಚೆಂದ, ಆದರೆ ಇನ್ನೂ ಪೂರ್ತಿ ಬೆಸೆಯದ ಕಸಿಗೆ ಅದು ಭಾರ. ಕೂಡಲೇ ಚಿವುಟಿದವು ಉಳಿದವು, ನಿಧಾನವಾಗಿ ಪಕ್ಕದ ಕಣ್ಣಿನಿಂದ ಚಿಗುರಿದವು. ಒಂದು ವಾರ ನೋಡೋಣ ಅಂತ ಬಿಟ್ಟದ್ದು ಒಣಗಿತು.

ಈ ತಿಂಗಳುಗಳಲ್ಲಿ ಇನ್ನೆರಡು ಕೆಲಸ. ಸಂದಿನ ಕೆಳಗೆ ರೂಟ್‌ಸ್ಟಾಕಿನಿಂದ ಬರುವ ಚಿಗುರನ್ನು ಬೆರಳಲ್ಲೇ ಉಜ್ಜಿ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಶಕ್ತಿಯೆಲ್ಲ ಅದಕ್ಕೇ. ಜೂನ್ ಕೊನೆಗೆ ಟೇಪನ್ನು ಹಿಂಬದಿಯಿಂದ ಸೀಳಬೇಕು. ಬ್ರಾಮ್ಲಿ ಬೆಳೆಯುವ ವೇಗಕ್ಕೆ ಪಾಲಿಥೀನ್ ಹಿಗ್ಗುವುದಿಲ್ಲ. ತಡವಾದ ಗಿಡಗಳಲ್ಲಿ ಸೊಂಟಕ್ಕೆ ದಾರ ಬಿಗಿದ ಗುರುತು ಮೂಡಿತ್ತು.

6. ಆಗಸ್ಟ್: ಹೋದ ರೂಟ್‌ಸ್ಟಾಕಿಗೆ ಕಣ್ಣು ಕಸಿ

ಮೇಲಿನ ಕಡ್ಡಿ ಸತ್ತರೂ ಕೆಳಗಿನ ರೂಟ್‌ಸ್ಟಾಕ್ ಜೀವಂತ ಇರುತ್ತದೆ. ಬಿಸಾಕಬೇಡಿ. ಅದರ ಒಂದು ಚಿಗುರನ್ನು ಬೆಳೆಯಲು ಬಿಟ್ಟು, ಆಗಸ್ಟಿನಲ್ಲಿ ಅದಕ್ಕೆ ಕಣ್ಣು ಕಸಿ ಮಾಡಿದೆ. ಹಿಡಿದ ಗಿಡಗಳ ಅದೇ ವರ್ಷದ ಚಿಗುರಿನಿಂದ ಎಲೆ ಕತ್ತರಿಸಿ, ತೊಟ್ಟು ಮಾತ್ರ ಉಳಿಸಿ, ಕಣ್ಣಿನ ಜೊತೆ 3 ಸೆ.ಮೀ ಉದ್ದದ ಚಕ್ಕೆ ಎಬ್ಬಿಸಬೇಕು. ರೂಟ್‌ಸ್ಟಾಕಿನಲ್ಲಿ ಅದೇ ಅಳತೆಯ ಚಕ್ಕೆ ತೆಗೆದು ಅಲ್ಲಿ ಇದನ್ನು ಕೂರಿಸಿ ಟೇಪು ಸುತ್ತಬೇಕು. ತೊಟ್ಟು ಹಿಡಿಕೆಯಾಗುತ್ತದೆ. ಕೆಲವು ವಾರದ ಮೇಲೆ ತೊಟ್ಟನ್ನು ಮುಟ್ಟಿದರೆ ತಾನಾಗಿ ಕಳಚಿ ಬಿದ್ದರೆ ಹಿಡಿದಿದೆ ಅಂತ. ಒಣಗಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಹೋಯಿತು.

ಚಾಕುವಿನ ಕೆಲಸ ಇದರಲ್ಲಿ ಸುಲಭ, ಒಂದು ಕಡ್ಡಿಯಿಂದ ಎಷ್ಟೋ ಗಿಡ ಆಗುತ್ತದೆ. ಮರದಲ್ಲಿ ಒಳ್ಳೇ ಚಿಗುರು ಕಮ್ಮಿ ಇದ್ದರೆ ಮೊದಲಿಂದ ಇದೇ ದಾರಿ ಹಿಡಿಯುವುದು ಒಳ್ಳೆಯದು.

7. ಅಕ್ಟೋಬರ್: ಹಳೇ ಮರದ ಕೊನೇ ಕೊಯ್ಲು

ಬ್ರಾಮ್ಲಿ ಹಸಿಯಾಗಿ ತಿನ್ನುವ ಹಣ್ಣಲ್ಲ, ಅಡುಗೆಯ ಹಣ್ಣು. ದೊಡ್ಡದು, ಚಪ್ಪಟೆ, ಒಂದೊಂದು ಕಡೆ ಉಬ್ಬು, ಹಸಿರಿನ ಮೇಲೆ ಬಿಸಿಲು ಬಿದ್ದಲ್ಲಿ ಮಾಸಲು ಕೆಂಪು. ಕಚ್ಚಿದರೆ ಹಲ್ಲು ಚಳಿಯುವ ಹುಳಿ. ಬೇಯಿಸಿದರೆ ಹೋಳು ನಿಲ್ಲುವುದಿಲ್ಲ, ನೊರೆಯಂತೆ ಕರಗುತ್ತದೆ. ಇಲ್ಲಿನವರು ಪೈ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪೆಹುಳಿ. ಬೇಯಿಸಿ ಕಿವುಚಿ, ನೀರು, ಉಪ್ಪು, ಮೇಲೆ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಅಪ್ಪೆಮಿಡಿಯ ಆ ಪರಿಮಳ ಇಲ್ಲ, ಸುಳ್ಳು ಹೇಳಬಾರದು. ಹುಳಿ ಮಾತ್ರ ಸರಿಯಾಗಿ ನಿಲ್ಲುತ್ತದೆ. ತುರಿದು ಚಿತ್ರಾನ್ನಕ್ಕೂ ಹಾಕುತ್ತೇವೆ. ಹೋಳಿನ ಉಪ್ಪಿನಕಾಯಿಗೆ ಆಗುವುದಿಲ್ಲ, ಮೆತ್ತಗಾಗಿಬಿಡುತ್ತದೆ.

ಸುಮಾರು ಕಾಯಿಗಳ ಸಿಪ್ಪೆಯ ಕೆಳಗೆ ಕಂದು ಚುಕ್ಕೆ ಇದ್ದವು. ಇದು ಬ್ರಾಮ್ಲಿಗೆ ಹುಟ್ಟುಗುಣದಂತೆ ಬರುವ ತೊಂದರೆ. ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗುತ್ತದೆ, ಒಣ ಬೇಸಿಗೆಯಲ್ಲಿ ಜಾಸ್ತಿ. ಹೊಸ ಗಿಡಗಳಿಗೆ ನೀರು ತಪ್ಪಿಸದಿರುವುದೇ ಮೊದಲ ಪರಿಹಾರ.

8. ನವೆಂಬರ್: ನಾಟಿ

ಹಳೇ ಮರದ ಜಾಗದಲ್ಲೇ ಹೊಸದನ್ನು ನೆಡುವ ಆಸೆ ಎಲ್ಲರಿಗೂ ಇತ್ತು. ಕೂಡದು. ರೋಗ ಮಣ್ಣಲ್ಲೇ ಇದೆ. ರೋಗ ಇಲ್ಲದಿದ್ದರೂ ಸೇಬು ಕಿತ್ತ ಗುಂಡಿಯಲ್ಲಿ ಸೇಬು ಏಳಿಗೆ ಆಗುವುದಿಲ್ಲ. ತುಂಡಿನ ಇನ್ನೊಂದು ತುದಿಯಲ್ಲಿ ಜಾಗ ಮಾಡಿದೆ. ಹಳೇ ಮರದ ಕಡೆಗೆ 45 ಸೆ.ಮೀ ಆಳದ ಕಾಲುವೆ ತೋಡಿ ದಪ್ಪ ಕೊಳದ ಪ್ಲಾಸ್ಟಿಕ್ ಹಾಳೆಯನ್ನು ನಿಲ್ಲಿಸಿ ಹೂತೆ. ಮೇಲೆ 3 ಸೆ.ಮೀ ಕಾಣುವಂತೆ ಬಿಟ್ಟೆ. ಕಪ್ಪು ಎಳೆಗಳು ದಾಟದಿರಲಿ ಅಂತ. ಜೇಡಿ ಮಣ್ಣಿನಲ್ಲಿ ಇದು ಇಡೀ ಕೆಲಸದ ಅತಿ ಹೆಚ್ಚು ಬೆನ್ನುನೋವಿನ ಭಾಗ.

ಗುಂಡಿ ಅಗಲ ಇರಲಿ, ಆಳ ಬೇಡ. ಒಳಗೆ ಗೊಬ್ಬರ ತುಂಬಬೇಡಿ, ಜೇಡಿಯಲ್ಲಿ ಅದು ನೀರಿನ ತೊಟ್ಟಿಯಾಗುತ್ತದೆ. ತೆಗೆದ ಮಣ್ಣನ್ನೇ ಹಾಕಿ, ಸ್ವಲ್ಪ ದಿಬ್ಬ ಮಾಡಿ ನೆಟ್ಟೆ. ಕಸಿಯ ಗಂಟು ನೆಲದಿಂದ 10 ಸೆ.ಮೀ ಮೇಲೆ ಇರಲೇಬೇಕು. ಗಂಟು ಮಣ್ಣಿಗೆ ತಾಗಿದರೆ ಬ್ರಾಮ್ಲಿ ತನ್ನದೇ ಬೇರು ಬಿಟ್ಟು ರೂಟ್‌ಸ್ಟಾಕಿನ ಹತೋಟಿ ತಪ್ಪಿಸಿಕೊಳ್ಳುತ್ತದೆ, ಆಮೇಲೆ ಮೂರು ಮೀಟರಿನ ಮಾತೇ ಇಲ್ಲ. ಎಂ26 ಗಿಡಕ್ಕೆ ಗೂಟ, ಸಡಿಲವಾದ ಕಟ್ಟು. ಗೊಬ್ಬರವನ್ನು ಮೇಲೆ ಮುಚ್ಚಿಗೆಯಾಗಿ, ಕಾಂಡಕ್ಕೆ ತಾಗದಂತೆ ಹರಡಿದೆ.

9. ಜೊತೆ ಗಿಡಗಳು

ಗಿಡ ಕೊಡುವಾಗ ಎಲ್ಲರಿಗೂ ಒತ್ತಿ ಹೇಳಿದ್ದು ಇದನ್ನೇ. ಸಾಮಾನ್ಯ ಸೇಬಿನಲ್ಲಿ 34 ವರ್ಣತಂತುಗಳಿದ್ದರೆ ಬ್ರಾಮ್ಲಿಯಲ್ಲಿ 51. ಹಾಗಾಗಿ ಇದರ ಪರಾಗ ಯಾರಿಗೂ ಉಪಯೋಗವಿಲ್ಲ, ತನಗೂ ಇಲ್ಲ. ಬ್ರಾಮ್ಲಿಯ ಪಕ್ಕ ಒಂದೇ ಒಂದು ಬೇರೆ ಸೇಬು ನೆಟ್ಟರೆ ಬ್ರಾಮ್ಲಿ ಕಾಯಿ ಬಿಡಬಹುದು, ಆ ಇನ್ನೊಂದು ಬರಿದಾಗಿ ನಿಲ್ಲುತ್ತದೆ. ಎರಡು ಬೇಕು, ಅವು ಒಂದಕ್ಕೊಂದು ಆಗಿಬರಬೇಕು, ಹೂ ಬಿಡುವ ಹೊತ್ತೂ ಹೊಂದಬೇಕು. ನಾನು ಆರಿಸಿದ್ದು ಜೇಮ್ಸ್ ಗ್ರೀವ್ ಮತ್ತು ಗ್ರೆನೇಡಿಯರ್. ಊರಿನ ಒಳಗಿದ್ದು, ಅಕ್ಕಪಕ್ಕದ ಹಿತ್ತಲುಗಳಲ್ಲಿ ಸೇಬು ಇದ್ದರೆ ಈ ಖರ್ಚು ಬೇಡ, ಜೇನುನೊಣ ನೋಡಿಕೊಳ್ಳುತ್ತವೆ.

ಹೂವಿಗೆ ಹಿಮದ ಭಯವೂ ಇದೆ. ಅರಳಿದ ಹೊತ್ತಿಗೆ ಮೈನಸ್ 2 ಡಿಗ್ರಿ ಮುಟ್ಟಿದರೆ ಹೂವಿನ ನಡುಭಾಗ ಕಪ್ಪಾಗುತ್ತದೆ. ಅದಕ್ಕೇ ಇಳಿಜಾರಿನ ತಗ್ಗಿನಲ್ಲಿ ನೆಡಬೇಡಿ ಅಂದೆ, ತಣ್ಣನೆ ಗಾಳಿ ಬಂದು ನಿಲ್ಲುವುದು ಅಲ್ಲೇ.

10. ಈ ಮಾರ್ಚ್: ಈಗಿನ ಸ್ಥಿತಿ

ಕಡ್ಡಿ ಕಸಿಯ ಗಿಡಗಳು ಸೊಂಟದೆತ್ತರ ದಾಟಿವೆ. ನನ್ನದನ್ನು ನೆಲದಿಂದ 75 ಸೆ.ಮೀ ಎತ್ತರದಲ್ಲಿ, ಒಳ್ಳೇ ಕಣ್ಣಿನ ಮೇಲೆ ಕತ್ತರಿಸಿದ್ದೇನೆ, ಕೊಂಬೆ ಒಡೆಯಲಿ ಅಂತ. ಕಣ್ಣು ಕಸಿ ಮಾಡಿದವುಗಳಲ್ಲಿ ಕಣ್ಣಿನ ಸ್ವಲ್ಪ ಮೇಲೆ ರೂಟ್‌ಸ್ಟಾಕನ್ನು ಕತ್ತರಿಸಿ ಆಗಿದೆ. ಕಣ್ಣುಗಳು ಉಬ್ಬಿವೆ.

ಖರ್ಚು: ಚಾಕು, ಟೇಪು, ಮೇಣ ಸೇರಿ 30 ಪೌಂಡ್. ರೂಟ್‌ಸ್ಟಾಕುಗಳ ದುಡ್ಡನ್ನು ಗಿಡ ತೆಗೆದುಕೊಂಡವರು ತಂತಮ್ಮ ಪಾಲು ಕೊಟ್ಟರು. ಕುಂಡಗಳು ಹಳೆಯವು. ಪ್ಲಾಸ್ಟಿಕ್ ಹಾಳೆ ಪಕ್ಕದ ತುಂಡಿನ ಅಜ್ಜ ಕೊಟ್ಟದ್ದು, ಸುಮ್ನೆ. ದುಬಾರಿಯಾದದ್ದು ಜೊತೆಯ ಎರಡು ಗಿಡಗಳೇ.

ಸವರುವ ಬಗ್ಗೆ ಗಿಡ ಒಯ್ದವರಿಗೆ ಒಂದು ಚೀಟಿ ಬರೆದು ಕೊಟ್ಟಿದ್ದೇನೆ. ಮೊದಲ ಎರಡು ಮೂರು ಚಳಿಗಾಲ ಆಕಾರಕ್ಕಾಗಿ ಉದ್ದ ಚಿಗುರನ್ನು ಮೂರನೇ ಒಂದು ಭಾಗ ಮೊಟಕು ಮಾಡಿ. ಆಮೇಲೆ ಒಂದು ಅಡಿಗಿಂತ ಗಿಡ್ಡ ಇರುವ ಪಕ್ಕದ ಚಿಗುರನ್ನು ಮುಟ್ಟಬೇಡಿ, ಅದರ ತುದಿಯಲ್ಲೇ ಕಾಯಿ ಇರುವುದು. ಗಿಡ ದಟ್ಟವಾದರೆ ಎಲ್ಲ ತುದಿ ಕತ್ತರಿಸುವ ಬದಲು ಒಂದು ಹಳೇ ಕೊಂಬೆಯನ್ನೇ ಬುಡಕ್ಕೆ ತೆಗೆಯಿರಿ. ಬೇಲಿ ಸವರಿದ ಹಾಗೆ ಸವರಿದ ಬ್ರಾಮ್ಲಿಯಲ್ಲಿ ಎಲೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಎಂ26 ಮೇಲಿನದ್ದು ಮೂರ್ನಾಲ್ಕು ವರ್ಷಕ್ಕೆ ಕಾಯಿ ತೋರಿಸಬೇಕು. ಅದಕ್ಕೂ ಮೊದಲೇ ಹೂ ಬಂದರೆ ಚಿವುಟಿ ಹಾಕಿ.